ಹಾಲುಕೆನೆ ಬಣ್ಣದ ಹತ್ತು ಉಗುರು

ಈಚೆಗೆ ಒಂದು ದಿನ ಬಿಜೈಯಲ್ಲಿ ಬಸ್ಸು ಹತ್ತಿ ಚಿಲ್ಲರೆ ಕೊಡಲು ಕೈ ನೀಡಿದೆ. ಕಂಡಕ್ಟರ್ ಚಿಲ್ಲರೆ ತೆಗೆದುಕೊಳ್ಳಲಿಲ್ಲ, ಕೈಯನ್ನೇ ನೋಡಿದ.

"ಅಜ್ಜೆರೆ, ಉಗುರಿಗೆ ಎಂತ ಆದದ್ದು?"

"ಆದದ್ದು ಎಂತದೂ ಇಲ್ಲ. ಜೆಲ್ ಸ್ಟ್ರಿಪ್ ಅದು."

"ಯಾರಿಗೆ?"

"ನನಗೆ. ನನ್ನ ಕೈಯಲ್ಲೇ ಉಂಟಲ್ಲ ಮಾರಾಯ."

ಅವನು ಉಗುರು ನೋಡಿದ, ನನ್ನ ಬಿಳಿ ಮೀಸೆ ನೋಡಿದ, ಪುನಃ ಉಗುರು ನೋಡಿದ. ಆಮೇಲೆ, "ಲಾಯ್ಕ್ ಉಂಟು" ಎಂದು ಟಿಕೆಟ್ ಕೊಟ್ಟು ಮುಂದೆ ಹೋದ. ಲಾಯ್ಕ್ ಉಂಟು ಎಂದು ನನಗೂ ಗೊತ್ತಿತ್ತು. ಆದರೂ ಬೇರೆಯವರ ಬಾಯಿಯಿಂದ ಕೇಳುವುದರ ರುಚಿ ಬೇರೆ. ಇಳಿಯುವ ತನಕ ಎರಡೂ ಕೈಗಳನ್ನು ಮುಂದಿನ ಸೀಟಿನ ಕಂಬಿಯ ಮೇಲೆ ಇಟ್ಟುಕೊಂಡೇ ಕುಳಿತೆ, ನೋಡುವವರಿಗೆ ಅನುಕೂಲವಾಗಲಿ ಎಂದು.

ನಿಮಗೆ ನಗು ಬರುತ್ತಿರಬಹುದು. ನಗಿ, ನನಗೇನೂ ಬೇಸರವಿಲ್ಲ. ನಾನು ನಾಲ್ಕನೇ ಕ್ಲಾಸು ದಾಟದವನು. ಬಸ್ಸುಗಳ ಮೈಗೆ ಪೈಂಟ್ ಹೊಡೆದು ಜೀವನ ಮಾಡಿದವನು. ಈ ಊರಿನ ಎಷ್ಟೋ ಸಿಟಿ ಬಸ್ಸುಗಳ ಹಣೆಯ ಮೇಲಿನ ಹೆಸರು ನನ್ನ ಕೈಬರಹ. ಪೈಂಟಿನ ವಿಷಯದಲ್ಲಿ ಮಾತಾಡಲು ನನಗೆ ಅಧಿಕಾರ ಉಂಟು ಎಂದು ನಾನು ನಂಬಿದ್ದೇನೆ. ಉಗುರಿಗೆ ಅಂಟಿಸುವ ಈ ಬಣ್ಣದ ಪಟ್ಟಿ, ಜೆಲ್ ಸ್ಟ್ರಿಪ್ ಎಂಬುದು ಎಷ್ಟು ದಿನ ಬಾಳುತ್ತದೆ, ಎಲ್ಲಿಂದ ಏಳುತ್ತದೆ, ಯಾವ ಮೀನಿನ ಸಾರಿಗೆ ಹೆದರುತ್ತದೆ ಎಂದು ನನ್ನಷ್ಟು ತಿಳಿದ ಗಂಡಸು ಶಕ್ತಿನಗರದಲ್ಲಿ ಬೇರೆ ಯಾರೂ ಇರಲಾರರು.

ಇದನ್ನು ನನ್ನ ಕೈಗೆ ಅಂಟಿಸಿದವಳು ಮೊಮ್ಮಗಳು ಜೆನಿಶಾ, ನಮ್ಮ ಮಗಳು ಲವೀನಾಳ ಮಗಳು. ಲವೀನಾ ಮತ್ತು ಅಳಿಯ ಮಸ್ಕತ್ತಿನಲ್ಲಿದ್ದಾರೆ. ಅವಳು ನರ್ಸ್, ಅವನದು ಗೋಡಾನಿನ ಕೆಲಸ, ಇಬ್ಬರಿಗೂ ಶಿಫ್ಟ್. ಮಗು ಶಾಲೆಯಿಂದ ಬರುವಾಗ ಮನೆಯಲ್ಲಿ ಮಾತಾಡುವುದು ಫ್ರಿಜ್ ಮಾತ್ರ ಎಂದು ಹೇಳಿ ಲವೀನಾ ಈ ಜೂನಿನಲ್ಲಿ ಅವಳನ್ನು ನಮ್ಮಲ್ಲಿಗೆ ತಂದು ಬಿಟ್ಟಳು. ಬಿಡುವಾಗಲೇ ಒಂದು ಮಾತಾಗಿತ್ತು. ಸೆಪ್ಟೆಂಬರಿನಲ್ಲಿ ತೆನೆ ಹಬ್ಬಕ್ಕೆ ಲವೀನಾ ರಜೆಯಲ್ಲಿ ಬರುವುದು. ಅಷ್ಟರೊಳಗೆ ಜೆನಿಶಾಗೆ ಇಲ್ಲಿ ಮನಸ್ಸು ಹಿಡಿಯದಿದ್ದರೆ ವಾಪಸು ಕರೆದುಕೊಂಡು ಹೋಗುವುದು. ಆಗಲಿ ಎಂದು ನಾನೇ ಹೇಳಿದ್ದೆ. ನಮ್ಮ ಹತ್ತಿರ ಇದ್ದು ಯಾರಿಗಾದರೂ ಮನಸ್ಸು ಹಿಡಿಯದೆ ಇರುವುದುಂಟೇ ಎಂಬ ಧೈರ್ಯ.

ಆದರೆ ಶಾಲೆಯ ಮೊದಲ ದಿನವೇ ಎಡವಟ್ಟಾಯಿತು. ಅವಳು ಮಸ್ಕತ್ತಿನಿಂದ ಬರುವಾಗ ಹಾಕಿಕೊಂಡಿದ್ದ ಗುಲಾಬಿ ಸ್ಟ್ರಿಪ್ಪುಗಳು ಬೆರಳಿನಲ್ಲೇ ಇದ್ದವು. ಅಸೆಂಬ್ಲಿಯಲ್ಲಿ ಉಗುರು ನೋಡುವ ಟೀಚರು, ನಾಳೆ ಬರುವಾಗ ಇದು ಇರಬಾರದು ಎಂದರಂತೆ. ಶಾಲೆಯ ನಿಯಮ, ಅವರದೇನೂ ತಪ್ಪಿಲ್ಲ. ಸಂಜೆ ಅವಳು ಬೋಗುಣಿಯಲ್ಲಿ ಬಿಸಿ ನೀರು ಹಿಡಿದುಕೊಂಡು ಕೂತು ಒಂದೊಂದಾಗಿ ತೆಗೆದಳು. ಸಾಮಾನಿನ ಪೆಟ್ಟಿಗೆಯನ್ನು ಮಂಚದ ಅಡಿಗೆ ತಳ್ಳಿದಳು. ಅಳಲಿಲ್ಲ. ಅತ್ತಿದ್ದರೆ ನಮಗೆ ಸುಲಭ ಇತ್ತು.

ಅಲ್ಲಿಂದ ಮುಂದೆ ಎಂತ ಕೇಳಿದರೂ "ಓಕೆ". ಊಟ ಸಾಕಾ? ಓಕೆ. ಶಾಲೆ ಹೇಗುಂಟು? ಓಕೆ. ನಮ್ಮ ಮನೆಮಾತು ಕೊಂಕಣಿ. ಅದರಲ್ಲಿ ಮಗುವನ್ನು ಮುದ್ದಿಸುವ ಮಾತು ಎಷ್ಟಿಲ್ಲ, ಎಲ್ಲವನ್ನೂ ಖರ್ಚು ಮಾಡಿದೆವು. ಉತ್ತರ ಮಾತ್ರ ಅದೊಂದೇ. ಹೆಂಡತಿ ಸೆವ್ರಿನ್ ಅವಳಿಗೆಂದೇ ಪತ್ರೊಡೆ ಮಾಡಿದಳು, ನೀರುದೋಸೆ ಮಾಡಿದಳು. ತಿಂದಳು, ತಟ್ಟೆ ತೊಳೆದಿಟ್ಟಳು, ಕೋಣೆಗೆ ಹೋದಳು. ಹೋಟೆಲಿನಲ್ಲಿ ಇಳಿದುಕೊಂಡ ಒಳ್ಳೆಯ ಗಿರಾಕಿಯ ಹಾಗೆ.

ಜುಲೈಯ ಒಂದು ಮಧ್ಯಾಹ್ನ ನೋಡಿದರೆ ಪೆಟ್ಟಿಗೆ ಮಂಚದ ಮೇಲಿತ್ತು. ಒಳಗೆ ಬಣ್ಣ ಬಣ್ಣದ ಪಟ್ಟಿಗಳು, ಬೆರಳಿನಷ್ಟುದ್ದದ ಉಜ್ಜುವ ಪಟ್ಟಿ, ಅಂಗೈಯಗಲದ ಒಂದು ದೀಪ. ಅವಳು ಸೆವ್ರಿನ್‌ಳ ಕೈ ಕೇಳಿದ್ದಳಂತೆ. ಸೆವ್ರಿನ್ ಅಡುಗೆಮನೆಯಿಂದಲೇ, "ನನಗೆ ಬೂತಾಯಿ ಮೀನು ಕ್ಲೀನ್ ಮಾಡ್ಲಿಕ್ಕುಂಟು ಬಾಯೆ, ಈ ಪ್ರಾಯದಲ್ಲಿ ನನಗೆಂತಕ್ಕೆ ಅದೆಲ್ಲ" ಎಂದಿದ್ದಳು.

"ನನ್ನ ಕೈ ಉಂಟಲ್ಲ" ಎಂದೆ ನಾನು.

ಜೆನಿಶಾ ತಲೆಯೆತ್ತಿದಳು. "ಆಬಾ, ಇದು ಎರಡು ವಾರ ತೆಗೀಲಿಕ್ಕಿಲ್ಲ."

"ನಾನು ಪೈಂಟ್ ಮಾಡಿದ ಬಸ್ಸು ಎರಡು ಮಳೆಗಾಲ ನಿಲ್ತಾ ಇತ್ತು."

ನನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು, ಹಳೆಯ ಇಂಜಿನ್ ನೋಡುವ ಮೆಕ್ಯಾನಿಕ್ಕಿನ ಹಾಗೆ. "ಓಕೆ. ನಾಳೆ" ಎಂದಳು. ಅದೂ ಓಕೆಯೇ, ಆದರೆ ಹಿಂದಿನ ಓಕೆಗಳ ಜಾತಿಯದಲ್ಲ.

ಈ ಉಗುರಿನ ಶೋಕಿ ನನಗೆ ಹೊಸತು ಎಂದು ತಿಳಿಯಬೇಡಿ. ಚಿಕ್ಕವನಿದ್ದಾಗ ನಮ್ಮ ಓಣಿಯ ಕೊನೆಯಲ್ಲಿ ಒಂದು ಮೇ ಫ್ಲವರಿನ ಮರ ಇತ್ತು. ಅದರ ಹೂವಿನ ಕೆಳಗೆ ದಪ್ಪ ಎಸಳುಗಳಿರುತ್ತವೆ, ಹೊರಗೆ ಹಸಿರು, ಒಳಗೆ ಕೆಂಪು. ಅದನ್ನು ಸೀಳಿ ಎಂಜಲು ಹಚ್ಚಿ ಉಗುರಿಗೆ ಒತ್ತಿದರೆ ಚೂಪಾಗಿ ಕೂರುತ್ತಿತ್ತು. ಅಕ್ಕ ನನಗೆ ಹತ್ತು ಬೆರಳಿಗೂ ಅಂಟಿಸಿ ಹುಲಿ ಮಾಡುತ್ತಿದ್ದಳು. ನಾನು ಘರ್ಜಿಸುತ್ತಾ ಮನೆಗೆ ಬರುವಷ್ಟರಲ್ಲಿ ಐದು ಉಗುರು ದಾರಿಯಲ್ಲಿ ಬಿದ್ದಿರುತ್ತಿದ್ದವು. ಅಮ್ಮ ಬೀಡಿ ಕಟ್ಟುತ್ತಾ, ಅರ್ಧ ಹುಲಿ ಬಂತು ಎನ್ನುತ್ತಿದ್ದಳು. ಅಮ್ಮನ ಸ್ವಂತ ಉಗುರಿಗೆ ಶೋಕಿ ಎಂಬುದೇ ಇರಲಿಲ್ಲ. ಬೀಡಿಯ ತುದಿಯನ್ನು ಒಳಗೆ ಮಡಚಿ ಮಡಚಿ ಹೆಬ್ಬೆರಳಿನ ಉಗುರು ಒಂದು ಬದಿಗೆ ಸವೆದು ಓರೆಯಾಗಿತ್ತು. ಅದೇ ಓರೆ ಉಗುರಿನಿಂದ ನನ್ನ ತಲೆ ಕೆರೆದು ನಿದ್ದೆ ಬರಿಸುತ್ತಿದ್ದಳು. ಅಂಥ ಸುಖ ಕೊಟ್ಟ ಉಗುರನ್ನು ಆಮೇಲೆ ನಾನು ಕಾಣಲಿಲ್ಲ. ಇರಲಿ, ಎಲ್ಲಿಗೋ ಹೋದೆ.

ಮರುದಿನ ನಾನು ಬೆಳಗ್ಗೆಯೇ ಕೈಯನ್ನು ತಯಾರು ಮಾಡಿ ಇಟ್ಟೆ. ಊಟದ ಮೇಲೆ ಜೆನಿಶಾ ಕುಳಿತಳು. ಕೈ ತೊಳೆದಿದ್ದೀರಾ ಎಂದು ಕೇಳಿದಳು, ತೊಳೆದಿದ್ದೆ. ಅವಳು ಆರಿಸಿದ್ದು ಹಾಲುಕೆನೆಯ ಬಣ್ಣ. ಮೆತ್ತಗಿನ ಪಟ್ಟಿಯನ್ನು ಉಗುರಿನ ಮೇಲಿಟ್ಟು ಒತ್ತಿ, ತುದಿಯಲ್ಲಿ ಮಡಚಿ, ಹೆಚ್ಚಾದದ್ದನ್ನು ಉಜ್ಜಿ ಕತ್ತರಿಸಿ, ದೀಪದ ಅಡಿಗೆ ಬೆರಳು ತಳ್ಳಿದಳು. ಕಂಪೆನಿಯಲ್ಲಿ ಅರ್ಧ ಗಟ್ಟಿ ಮಾಡಿ ಕಳಿಸುತ್ತಾರೆ, ಉಳಿದರ್ಧ ಇಲ್ಲಿ ದೀಪದಲ್ಲಿ ಗಟ್ಟಿಯಾಗುತ್ತದೆ ಎಂದು ವಿವರಿಸಿದಳು. ಅಂಗಡಿಯಲ್ಲಿ ಸಿಗುವ ಅರ್ಧ ಬೇಯಿಸಿದ ಚಪಾತಿಯ ಹಾಗೆ ಎಂದೆ. ಅವಳು ಒಪ್ಪಲಿಲ್ಲ, ಆದರೆ ವಿವರಿಸುವಾಗ ಅವಳು ಸತತ ಇಷ್ಟು ಮಾತಾಡಿದ್ದು ಜೂನಿನ ಮೇಲೆ ಅದೇ ಮೊದಲು. "ಮಮ್ಮಿ ಬರುವಾಗ ನಾನು ಮಾಡಿದ್ದು ನೋಡಬೇಕು" ಎಂದೂ ಹೇಳಿದಳು.

ಸಂಜೆಗೆ ಒಂದು ಹೋಯಿತು. ಎಲ್ಲಿ ಹೋಯಿತೆಂದು ನನಗೆ ತಿಳಿಯಲಿಲ್ಲ, ಸೆವ್ರಿನ್‌ಗೆ ತಿಳಿಯಿತು, ಸಾರಿನ ಸೌಟಿನಲ್ಲಿ ಬಂತು. ಮರುದಿನ ಮೀನಿನವಳು ಬುಟ್ಟಿ ಇಳಿಸುವಾಗ ಕೈಜೋಡಿಸಿದೆ, ಇನ್ನೊಂದು ಬಂಗುಡೆಯ ಬೆನ್ನಿಗೆ ಅಂಟಿಕೊಂಡಿತು. "ಪೊರ್ಬುಲೆ, ನಿಮ್ಮ ಉಗುರು ನನ್ನ ಮೀನಿನ ತೂಕಕ್ಕೆ ಸೇರಿಸ್ಲಾ?" ಎಂದಳು ಅವಳು. ಕೊಂಕಣಿ ಕ್ರಿಶ್ಚಿಯನ್ ಗಂಡಸರನ್ನು ಇಲ್ಲಿ ಪೊರ್ಬು ಎಂದೇ ಕರೆಯುವುದು. ನಾನು ನಗುತ್ತಾ ಒಳಗೆ ಬಂದರೆ ಜೆನಿಶಾ ಬಾಗಿಲಲ್ಲಿ ನಿಂತಿದ್ದಳು. ನನ್ನ ಬೆರಳು ನೋಡಿದಳು. "ನನಗೆ ಬರುವುದಿಲ್ಲ" ಎಂದಳು, ಪೆಟ್ಟಿಗೆ ಪುನಃ ಮಂಚದ ಅಡಿಗೆ ಹೋಯಿತು. ಆ ರಾತ್ರಿ ಫೋನಿನಲ್ಲಿ ತಾಯಿಯ ಹತ್ತಿರ, ಟಿಕೆಟ್ ಯಾವಾಗ ಮಾಡುವುದು ಎಂದು ಕೇಳುತ್ತಿದ್ದುದು ನನಗೆ ಕೇಳಿಸಿತು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ತೊಕ್ಕೊಟ್ಟಿಗೆ ಹೋದೆ, ಹಮೀದಾಕನ ಅಂಗಡಿಗೆ. ಅವನೂ ನಾನೂ ಒಂದೇ ಗ್ಯಾರೇಜಿನಲ್ಲಿ ದುಡಿದವರು, ಅವನದು ಟಿಂಕರಿಂಗು, ನನ್ನದು ಪೈಂಟು. ಈಗ ಸ್ಕೂಟರಿನ ಸೀಟು ಕವರು ಮಾರುತ್ತಾನೆ. ಅಷ್ಟರಲ್ಲಿ ಎಂಟು ಬಿದ್ದು ಹೋಗಿದ್ದವು, ಉಳಿದಿದ್ದ ಎರಡು ಉಗುರು ತೋರಿಸಿ ಕಥೆ ಹೇಳಿದೆ. ಮಾಲು ಸರಿ ಇಲ್ಲ ಎಂದು ನನ್ನ ತೀರ್ಮಾನ ಹೇಳಿದೆ.

ಹಮೀದಾಕ ಒಂದನ್ನು ಬಿಡಿಸಿ ನೋಡಿದ, ಅಡಿಭಾಗವನ್ನು ಬೆರಳಿನಿಂದ ಸವರಿದ, ಮೂಸಿದ.

"ಪೊರ್ಬು, ನೀನು ಅವತ್ತು ಬೆಳಿಗ್ಗೆ ಕೈಗೆ ಎಂತ ಮಾಡಿದ್ದಿ?"

"ಎಂತ ಮಾಡುವುದು, ಯಾವಾಗಲೂ ಮಾಡುವ ಹಾಗೆ. ತೆಂಗಿನೆಣ್ಣೆ ತಿಕ್ಕಿದೆ."

"ಯಾಕೆ ತಿಕ್ಕಿದ್ದು?"

"ಪೈಂಟಿನ ಕೆಲಸ ಅಲ್ಲವಾ ಮಾರಾಯ?"

ಬಾಯಿಯಿಂದ ಮಾತು ಹೊರಗೆ ಬಿದ್ದ ಮೇಲೆ ನನಗೆ ಗೊತ್ತಾಯಿತು. ಗ್ಯಾರೇಜಿನಲ್ಲಿ ಡಬ್ಬ ತೆರೆಯುವ ಮೊದಲು ನಾವು ಮೊಣಕೈವರೆಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆವು, ಬಣ್ಣ ಚರ್ಮಕ್ಕೆ ಹಿಡಿಯದಿರಲಿ, ಸಂಜೆ ಸುಲಭವಾಗಿ ಹೋಗಲಿ ಎಂದು. ನಾಳೆ ಕೈಗೆ ಬಣ್ಣ ಬರುತ್ತದೆ ಎಂದು ಮಗು ಹೇಳಿದ್ದೇ ತಡ, ನನ್ನ ಕೈಗಳು ನನ್ನನ್ನು ಕೇಳದೆಯೇ ಎಣ್ಣೆಯ ಬಾಟ್ಲಿಗೆ ಹೋಗಿದ್ದವು. ಬಣ್ಣ ಹಿಡಿಯದಂತೆ ಎಲ್ಲ ವ್ಯವಸ್ಥೆ ಮಾಡಿಕೊಂಡು ಬಣ್ಣ ಹಚ್ಚಿಸಿಕೊಳ್ಳಲು ಕುಳಿತಿದ್ದೆ. ಹಮೀದಾಕ ನಗಲು ಜಾಗ ಸಾಲದೆ ಅಂಗಡಿಯ ಹೊರಗೆ ಹೋದ. ಹೋಗಿ ಪಕ್ಕದ ಅಂಗಡಿಯವನಿಗೂ ಹೇಳಿ ಅವನನ್ನೂ ನಗಿಸಿದ.

ನಾನು ಸಿಕ್ಕಿದ ಬಸ್ಸು ಹಿಡಿದು ಮನೆಗೆ ಬಂದೆ. ಜೆನಿಶಾ ಪಾಠ ಓದುತ್ತಿದ್ದಳು.

"ಬಾಯೆ, ತಪ್ಪು ನಿನ್ನದಲ್ಲ. ನಾನು ಎಣ್ಣೆ ತಿಕ್ಕಿದ್ದೆ."

"ಎಣ್ಣೆ? ಉಗುರಿಗೆ? ಎಂತಕ್ಕೆ ಆಬಾ?"

"ಪೈಂಟ್ ಹಿಡಿಯಬಾರದಲ್ಲ ಎಂದು."

ಅವಳು ನನ್ನ ಮುಖ ನೋಡಿದಳು. ಮೊದಲು ತುಟಿ ಅದುಮಿಕೊಂಡಳು. ಆಮೇಲೆ ಪುಸ್ತಕಕ್ಕೆ ಮುಖ ಒತ್ತಿಕೊಂಡು ನಕ್ಕಳು ನೋಡಿ, ಭುಜ ಎಲ್ಲ ಕುಣಿಯುವ ಹಾಗೆ. ಸೆವ್ರಿನ್ ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಎಂತ ಆಯಿತು, ಎಂತ ಆಯಿತು ಎಂದು. ಜೆನಿಶಾ ಹೇಳಲು ಹೋಗಿ ಹೇಳಲಾಗದೆ ಪುನಃ ನಕ್ಕಳು. ಕಡೆಗೆ ನಾನೇ ಹೇಳಬೇಕಾಯಿತು. ನಮ್ಮ ಮನೆಯಲ್ಲಿ ಆ ಹುಡುಗಿಯ ನಗು ಹೇಗಿರುತ್ತದೆ ಎಂದು ನಮಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಲವೀನಾಳದೇ ನಗು, ಕೊನೆಯಲ್ಲಿ ಒಂದು ಬಿಕ್ಕಳಿಕೆ ಹೆಚ್ಚು.

ಆಮೇಲೆ ಅಡ್ಡಿ ಬಂದದ್ದು ಅವಳ ಪರೀಕ್ಷೆ, ಅದು ಮುಗಿಯುವಾಗ ಆಗಸ್ಟಿನ ಕೊನೆ. ತೆನೆ ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ, ನೊವೆನಾ, ಶುರುವಾಗುವ ಮುಂಚೆ ಎರಡನೆಯ ಸಲ ಕುಳಿತೆವು. ಈ ಸಲ ಸಾಬೂನು ಹಾಕಿ ತೊಳೆಸಿದಳು, ಸ್ಪಿರಿಟ್ ಹಚ್ಚಿ ಒರೆಸಿದಳು, ಉಗುರಿನ ಮೇಲೆ ಮೆಲ್ಲಗೆ ಉಜ್ಜಿ ಹೊಳಪು ತೆಗೆದಳು. ಬಸ್ಸಿಗೂ ನಾವು ಇದನ್ನೇ ಮಾಡುತ್ತಿದ್ದುದು, ಸ್ಯಾಂಡ್ ಪೇಪರ್, ಆಮೇಲೆ ಥಿನ್ನರ್, ಆಮೇಲೆ ಬಣ್ಣ. ಬಸ್ಸಿಗೆ ಮಾಡಿದ್ದನ್ನು ನನಗೆ ಮಾಡಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ಈಗ ಬಾಳಿಕೆಯ ಮಾತು. ಮೊದಲ ಕೆಲವು ದಿನ ಯಾವ ತಂಟೆಯೂ ಇಲ್ಲ. ಹೊಸ ಬಸ್ಸಿನ ಹೊಳಪು. ನೊವೆನಾಕ್ಕೆ ಜೆನಿಶಾಳ ಹೂವಿನ ಬುಟ್ಟಿ ಹಿಡಿದುಕೊಂಡು ಇಗರ್ಜಿಗೆ ಹೋದೆ, ಮಾತೆಯ ಪ್ರತಿಮೆಯ ಮುಂದೆ ಮಕ್ಕಳು ಹೂ ಎಸೆಯುವಾಗ ಹಿಂದೆ ನಿಂತಿದ್ದೆ. ಪಕ್ಕದ ಹೆಂಗಸೊಬ್ಬರು, "ಎಂತ ಪೊರ್ಬು, ಪ್ರಾಯ ಹಿಂದೆ ಹೋಗ್ತಾ ಉಂಟಾ?" ಎಂದರು. "ಮೊಮ್ಮಗಳು ಮಾಡಿದ್ದು, ನಿಮಗೂ ಬೇಕಾದ್ರೆ ಹೇಳ್ತೇನೆ" ಎಂದೆ. ಮರುದಿನ ಅವರು ತಮ್ಮ ಕೈಯನ್ನು ಸೆರಗಿನಿಂದ ಹೊರಗಿಟ್ಟುಕೊಂಡೇ ಪಕ್ಕದಲ್ಲಿ ನಿಂತರು. ನಾನು ಕಂಡೂ ಕಾಣದ ಹಾಗೆ ಇದ್ದೆ.

ಮತ್ತೆ ಎರಡು ಕೈಗೆ ಎರಡು ಹಣೆಬರಹ ಆಯಿತು. ಎಡಗೈ ಹಾಲುಕೆನೆಯಾಗಿಯೇ ಉಳಿಯಿತು. ಬಲಗೈಯಲ್ಲಿ ಊಟ ಮಾಡುವುದಲ್ಲವೇ, ಬಂಗುಡೆ ಸಾರಿನ ಅರಸಿನ ಮೆಲ್ಲ ಮೆಲ್ಲ ಹಿಡಿದು ಅದು ಗೇರುಹಣ್ಣಿನ ಬಣ್ಣಕ್ಕೆ ತಿರುಗಿತು. ಸಾಬೂನಿಗೆ ಜಗ್ಗಲಿಲ್ಲ. ಚಮಚದಲ್ಲಿ ತಿನ್ನಿ ಎಂದಳು ಜೆನಿಶಾ. ಒಂದು ಹೊತ್ತು ತಿಂದೆ, ಮೀನಿನ ಮುಳ್ಳು ಗಂಟಲಿಗೆ ಹೋಗುವುದೊಂದು ಬಾಕಿ. ಚಮಚಕ್ಕೆ ಮುಳ್ಳು ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಉಗುರು ಬೆಳೆದು ಬುಡದಲ್ಲಿ ಸ್ಟ್ರಿಪ್ಪಿಗೂ ಚರ್ಮಕ್ಕೂ ನಡುವೆ ಸಣ್ಣ ಗೆರೆಯಷ್ಟು ಬರಿದಾಯಿತು. ಇನ್ನು ಅಂಚು. ಪೈಂಟ್ ಯಾವಾಗಲೂ ಏಳುವುದು ಅಂಚಿನಿಂದ. ಬಸ್ಸಿನಲ್ಲಾದರೆ ಡ್ರೈವರನ ಬಾಗಿಲಿನ ಹತ್ತಿರ, ಅವನ ಮೊಣಕೈ ತಾಗುವಲ್ಲಿ. ನನ್ನಲ್ಲಿ ಬಲಗೈ ಹೆಬ್ಬೆರಳಿನ ಮೂಲೆ. ಅಂಗಿಯ ಗುಂಡಿ ಹಾಕುವಾಗ ನೂಲು ಸಿಕ್ಕಿ ಕೂದಲೆಳೆಯಷ್ಟು ಎದ್ದಿತು. ಎದ್ದ ಮೂಲೆಯನ್ನು ಕೆರೆಯಬಾರದು ಎಂದು ಅವಳ ಕಟ್ಟಾಜ್ಞೆ. ಕೆರೆಯದೆ ಇರುವುದು ಎಷ್ಟು ಕಷ್ಟ ಎಂದು ಹಲ್ಲಿನ ಸಂದಿಯಲ್ಲಿ ತೆಂಗಿನ ನಾರು ಸಿಕ್ಕಿಕೊಂಡವರಿಗೆ ಗೊತ್ತು. ದಿನವೂ ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲು "ಕೈ ತೋರಿಸಿ" ಎನ್ನುತ್ತಿದ್ದಳು. ಟೀಚರಿಗೆ ಅವಳು ತೋರಿಸುವ ಹಾಗೆಯೇ ನಾನು ಅವಳಿಗೆ ಹತ್ತೂ ಬೆರಳು ಚಾಚಿ ನಿಲ್ಲುತ್ತಿದ್ದೆ. ನೋಡಿ ಮುಗಿಸಿ ಶಾಲೆಯ ಸುದ್ದಿ ಹೇಳಲು ಶುರು ಮಾಡುತ್ತಿದ್ದಳು. ಸುದ್ದಿ ಒಂದು ಶುರುವಾದರೆ ಕಾಫಿ ತಣಿದು ಹೋಗುವ ತನಕ ನಿಲ್ಲುತ್ತಿರಲಿಲ್ಲ.

ಆದರೂ ಹಬ್ಬದ ಮೇಲೆ ಏನು ಎಂದು ಅವಳನ್ನು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಸೆವ್ರಿನ್ ಒಂದೆರಡು ಸಲ ನನ್ನನ್ನು ಮುಂದೆ ತಳ್ಳಿದಳು, ನಾನು ಅವಳನ್ನು ತಳ್ಳಿದೆ.

ಹಬ್ಬದ ಹಿಂದಿನ ದಿನ ಲವೀನಾ ಬಂದಳು. ಬಂದವಳು ನನ್ನ ಕೈ ನೋಡಿ, "ಪಪ್ಪಾ, ಎಂತ ಇದು?" ಎಂದಳು. ಎರಡು ಬಣ್ಣದ ಎರಡು ಕೈ. "ನಾನು ಮಾಡಿದ್ದು" ಎಂದಳು ಜೆನಿಶಾ. "ಹೊಸತಿರುವಾಗ ಚಂದ ಇತ್ತು, ಇವರು ಚಮಚದಲ್ಲಿ ತಿನ್ನುವುದಿಲ್ಲ." ಲವೀನಾ ನನ್ನ ಕೈ ಬಿಟ್ಟು ಮಗಳನ್ನೇ ನೋಡಿದಳು.

ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ನಮ್ಮಲ್ಲಿ ಮನೆಯ ಹಿರಿಯನು ಅದರ ಕಾಳನ್ನು ಉಗುರಿನಿಂದ ಸುಲಿದು ಪುಡಿ ಮಾಡಿ, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿ ಎಲ್ಲರಿಗೂ ಕೊಡಬೇಕು. ದೂರ ಇರುವವರ ಹೆಸರಿನಲ್ಲಿಯೂ ಒಂದೊಂದು ಕಾಳು ಸುಲಿಯುವುದು ನನ್ನ ಅಪ್ಪನ ಕಾಲದಿಂದ ಬಂದ ಕ್ರಮ. ಎಲ್ಲರೂ ಮೇಜಿನ ಸುತ್ತ ನಿಂತರು. ನಾನು ಕಾಳು ಹಿಡಿದೆ. ಜಾರಿತು. ಪುನಃ ಹಿಡಿದೆ. ಜೆಲ್ಲಿನ ದಪ್ಪದಲ್ಲಿ ಉಗುರಿಗೆ ಭತ್ತದ ಅಂಚೇ ಸಿಗಲಿಲ್ಲ. ಒತ್ತಿದೆ. ಹೊಟ್ಟು ಹೋಗಿ ಹೆಬ್ಬೆರಳಿನ ಎದ್ದ ಮೂಲೆಯ ಅಡಿಗೆ ನುಗ್ಗಿತು, ಸ್ಟ್ರಿಪ್ ಅರ್ಧದವರೆಗೆ ಎದ್ದಿತು.

"ಆಬಾ, ನಿಲ್ಲಿ. ಎಳೀಬೇಡಿ" ಎಂದಳು ಜೆನಿಶಾ. ನನ್ನ ಕೈಯಿಂದ ತೆನೆ ತೆಗೆದುಕೊಂಡಳು. "ನಾನು ಸುಲೀತೇನೆ."

"ಹಿರಿಯರು ಸುಲಿಯುವುದು ಬಾಯೆ" ಎಂದಳು ಸೆವ್ರಿನ್.

"ಇವರು ಹೇಳ್ಲಿ, ನಾನು ಸುಲೀತೇನೆ."

ಶಾಲೆಯ ನಿಯಮದ ಪ್ರಕಾರ ಕತ್ತರಿಸಿದ ಗಿಡ್ಡ, ಬರಿಯ ಉಗುರು ಅವಳದು. ನಾನು ಒಬ್ಬೊಬ್ಬರ ಹೆಸರು ಹೇಳಿದೆ, ಅವಳು ಒಂದೊಂದು ಕಾಳು ಸುಲಿದು ಬಟ್ಟಲಿಗೆ ಹಾಕಿದಳು. ಮಸ್ಕತ್ತಿನಲ್ಲಿರುವ ಅವಳ ಅಪ್ಪನ ಹೆಸರು ಬಂದಾಗ ಒಂದು ಕಾಳು ಹೆಚ್ಚಿಗೆ ಸುಲಿದದ್ದನ್ನು ನಾನು ಕಂಡೆ. ಆ ಕಡೆಗೆ ಎಳೆತ ಇಲ್ಲದೆ ಇರುತ್ತದೆಯೇ ಮಗುವಿಗೆ?

ಬಾಳೆಲೆಯಲ್ಲಿ ತರಕಾರಿ ಊಟ ಆಯಿತು. ಮೇಜು ಒರೆಸಿದ ಮೇಲೆ ಜೆನಿಶಾ ಪೆಟ್ಟಿಗೆ ತಂದು ನನ್ನ ಹೆಬ್ಬೆರಳು ಸರಿ ಮಾಡಲು ಕುಳಿತಳು. ಎದ್ದ ಭಾಗವನ್ನು ಕತ್ತರಿಸಿ, ಅಂಚು ಉಜ್ಜತೊಡಗಿದಳು. ಎದುರಿನ ಕುರ್ಚಿಯಲ್ಲಿ ಲವೀನಾ ಫೋನ್ ಹಿಡಿದುಕೊಂಡಿದ್ದಳು.

"ಜೆನಿ, ನನ್ನ ರಿಟರ್ನ್ ನೋಡ್ತಾ ಇದ್ದೇನೆ. ನಿನ್ನದೂ ಒಟ್ಟಿಗೆ ಮಾಡಲಾ?"

ಸೆವ್ರಿನ್ ಬಡಿಸಿದ ಪಾತ್ರೆಗಳನ್ನು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಉಗುರು ಉಜ್ಜುವ ಸದ್ದು ನಿಲ್ಲಲಿಲ್ಲ.

"ನನ್ನದು ಬೇಡ" ಎಂದಳು ಜೆನಿಶಾ, ತಲೆಯೆತ್ತದೆ. "ಮುಂದಿನ ವಾರ ಆಬಾನ ಇದು ತೆಗೀಲಿಕ್ಕುಂಟು. ಬಿಸಿ ನೀರಿನಲ್ಲಿಟ್ಟು ಮೆಲ್ಲ ತೆಗೀಬೇಕು. ಇವರೊಬ್ಬರೇ ಮಾಡಿದ್ರೆ ಎಳೆದು ಬಿಡ್ತಾರೆ, ಉಗುರೂ ಒಟ್ಟಿಗೆ ಬರ್ತದೆ."

"ಅದಕ್ಕೆ ಇರುವುದಾ ನೀನು?"

"ಮತ್ತೆ ಕಡು ನೀಲಿ ಹಾಕ್ಲಿಕ್ಕುಂಟು. ಸಾರು ಹಿಡಿದ್ರೂ ಗೊತ್ತಾಗುದಿಲ್ಲ." ಸ್ವಲ್ಪ ಹೊತ್ತು ಉಜ್ಜಿದಳು. "ಕ್ರಿಸ್ಮಸ್ಸಿಗೆ ನೀವಿಬ್ರೂ ಬನ್ನಿ. ಡ್ಯಾಡಿಗೂ ಹಾಕ್ತೇನೆ."

ಲವೀನಾ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಕಣ್ಣು ಒದ್ದೆಯಾಗಿತ್ತು, ನಗುತ್ತಲೂ ಇದ್ದಳು. ಅಡುಗೆಮನೆಯೊಳಗೆ ಪಾತ್ರೆಗಳು ಸಿಂಕಿಗೆ ಬಿದ್ದ ಸದ್ದಾಯಿತು, ಇಟ್ಟದ್ದಲ್ಲ, ಬಿದ್ದದ್ದೇ.

"ಆಬಾ, ಕೈ ಅಲ್ಲಾಡಿಸಬೇಡಿ."

"ನಾನು ಅಲ್ಲಾಡಿಸ್ತಾ ಇಲ್ಲ ಬಾಯೆ."

"ಅಲ್ಲಾಡ್ತಾ ಉಂಟು."

ನೋಡಿದೆ. ಹೌದು, ಅಲ್ಲಾಡುತ್ತಿತ್ತು. ಏಣಿಯ ತುದಿಯಲ್ಲಿ ನಿಂತು ಒಂದೇ ಎಳೆತದಲ್ಲಿ ಗೆರೆ ಹಾಕುತ್ತಿದ್ದ ಕೈ. ಜೆನಿಶಾ ತನ್ನ ಎಡಗೈಯನ್ನು ನನ್ನ ಮಣಿಕಟ್ಟಿನ ಮೇಲಿಟ್ಟು ಮೇಜಿಗೆ ಗಟ್ಟಿಯಾಗಿ ಒತ್ತಿ ಹಿಡಿದಳು, ತಲೆ ಬಗ್ಗಿಸಿ ಕೆಲಸ ಮುಂದುವರಿಸಿದಳು.